ಬರೆ ನೋಡಿ ತೋಟದ ಮಣ್ಣು ತಿಳಿಯುವುದು ಹೇಗೆ?

ನಮ್ಮ ಕಾಸರಗೋಡಿನ ಕುಂಬ್ಳೆ, ಬದಿಯಡ್ಕ, ಪೆರ್ಲ ಕಡೆ ಎಲ್ಲಿ ಹೋದರೂ ಜೆಸಿಬಿ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ, ಅಂದರೆ ಬರೆ ಕಾಣುತ್ತದೆ. ಅಡಿಕೆ ತೋಟಕ್ಕೆ ಗೊಬ್ಬರ ತರುವ ಮೊದಲು ಅಂಥ ಒಂದು ಬರೆಯನ್ನು ಸರಿಯಾಗಿ ನೋಡಿ. ಮಳೆಗಾಲದಲ್ಲಿ ಮಾತ್ರ ಹತ್ತಿರ ಹೋಗಬೇಡಿ, ಒದ್ದೆ ಬರೆ ಯಾವಾಗ ಜರಿಯುತ್ತದೆ ಎಂದು ಹೇಳಲಾಗದು.

ಕೆಳಗಿನಿಂದ ಮೇಲಕ್ಕೆ ನೋಡಬೇಕು. ಆಳದಲ್ಲಿ ಗಟ್ಟಿ ಕಲ್ಲು. ಅದರ ಮೇಲೆ ಉಗುರಿನಲ್ಲಿ ಕೆರೆದರೂ ಬರುವ ಬಿಳಿ, ನಸುಗೆಂಪು ಜೇಡಿ. ಎಲ್ಲಕ್ಕಿಂತ ಮೇಲೆ ತೂತು ತೂತಾದ ಮುರಕಲ್ಲು. ಹೆಚ್ಚಿನ ಕಡೆ ಇವು ಮೂರೂ ಒಂದೇ ಕಲ್ಲಿನ ಬೇರೆ ಬೇರೆ ವಯಸ್ಸು! ಲಕ್ಷಾಂತರ ವರ್ಷಗಳ ಮಳೆಗೆ ಕಲ್ಲಿನಲ್ಲಿರುವ ಖನಿಜ ಫೆಲ್ಡ್‌ಸ್ಪಾರ್‌ನಿಂದ ಮೊದಲು ಪೊಟ್ಯಾಶ್, ಸುಣ್ಣ, ಸೋಡಿಯಂ ತೊಳೆದು ಹೋಗುತ್ತವೆ, ಜೊತೆಗೆ ಸಿಲಿಕಾದ ಒಂದು ಪಾಲೂ ಹೋಗಿ ಉಳಿದದ್ದು ಕೆಯೊಲಿನೈಟ್ ಎಂಬ ಜೇಡಿ ಖನಿಜವಾಗುತ್ತದೆ. ಇನ್ನೂ ತೊಳೆದರೆ ಸಿಲಿಕಾ ಪೂರ್ತಿ ಹೋಗಿ ಗಿಬ್ಸೈಟ್ ಎಂಬ ಅಲ್ಯುಮಿನಿಯಂ ಖನಿಜ ಉಳಿಯುತ್ತದೆ. ಕಬ್ಬಿಣ ಮಾತ್ರ ಸುಲಭಕ್ಕೆ ಕರಗುವುದಿಲ್ಲ, ತುಕ್ಕಾಗಿ ಅಲ್ಲೇ ಕೂರುತ್ತದೆ: ಕೆಂಪು ಹೆಮಟೈಟ್, ಹಳದಿ ಗೋಥೈಟ್. ಕಡಿಯುವಾಗ ಮೆತ್ತಗಿದ್ದ ಕಲ್ಲು ಗಾಳಿಗೆ ಗಟ್ಟಿಯಾಗುವುದೂ ಈ ಕಬ್ಬಿಣದಿಂದಲೇ. 1807ರಲ್ಲಿ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ನಮ್ಮಿಂದ ತೆಂಕಕ್ಕೆ, ಮಲಪ್ಪುರದ ಅಂಗಾಡಿಪುರದಲ್ಲಿ ಕಂಡ ಕಲ್ಲಿಗೆ.

ಈಗ ನಿಮ್ಮ ತೋಟದ ಮಣ್ಣು. ಒಂದು ಹಿಡಿ ತೆಗೆದು ಕಲ್ಲು ಆರಿಸಿ, ನೀರು ಹಾಕಿ ಕಲಸಿ, ವಡೆಯಂತೆ ತಟ್ಟಿ ನೆರಳಲ್ಲಿ ಒಣಗಿಸಿ. ಜಾಸ್ತಿ ಕುಗ್ಗಲಿಲ್ಲ, ದೊಡ್ಡ ಬಿರುಕು ಬಿಡಲಿಲ್ಲ ಎಂದರೆ ಕೆಯೊಲಿನೈಟ್ ಮಣ್ಣು ಎಂದುಕೊಳ್ಳಬಹುದು. ಇದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುತ್ತವೆ, ನಡುವೆ ನೀರು ನುಗ್ಗುವುದಿಲ್ಲ. ಬಯಲುಸೀಮೆಯ ಎರೆಮಣ್ಣಿನಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಹಾಗಲ್ಲ, ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ.

ಗೊಬ್ಬರದ ಲೆಕ್ಕ ಬರುವುದು ಇಲ್ಲೇ. 100 ಗ್ರಾಂ ಸ್ಮೆಕ್ಟೈಟ್ 80ರಿಂದ 120 ಮಿಲಿ ಈಕ್ವಿವಲೆಂಟ್‌ನಷ್ಟು (ಮಣ್ಣಿನ ಹಿಡಿತ ಅಳೆಯುವ ಮಾನ) ಪೋಷಕಾಂಶ ಹಿಡಿದಿಟ್ಟರೆ, ಕೆಯೊಲಿನೈಟ್ ಹಿಡಿಯುವುದು ಬರೀ 3ರಿಂದ 15. ಜೂನ್ ಮಳೆಗೆ ಮೊದಲು ವರ್ಷದ ಪೊಟ್ಯಾಶ್ ಎಲ್ಲ ಒಟ್ಟಿಗೆ ಸುರಿದರೆ ಅದರಲ್ಲಿ ಎಷ್ಟೋ ಪಾಲು ಸುಮ್ನೆ ತೋಡಿಗೆ ಹೋಗುತ್ತದೆ, ಅಲ್ವಾ? ಎರಡು ಕಂತು ಮಾಡಿ, ಒಂದು ಮಳೆ ಹಿಡಿಯುವ ಹೊತ್ತಿಗೆ, ಇನ್ನೊಂದು ಮಳೆ ಇಳಿದ ಮೇಲೆ. ರಂಜಕದ ಕಥೆ ಬೇರೆ, ಅದನ್ನು ಈ ಕಬ್ಬಿಣ, ಅಲ್ಯುಮಿನಿಯಂಗಳೇ ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಹಟ್ಟಿ ಗೊಬ್ಬರ, ಸೊಪ್ಪು ಬಿಡಬೇಡಿ, ಜೇಡಿಗೆ ಆಗದ ಹಿಡಿತವನ್ನು ಅವೇ ಕೊಡುತ್ತವೆ. ಮಣ್ಣು ಪರೀಕ್ಷೆಯಲ್ಲಿ ಹುಳಿ ಜಾಸ್ತಿ ಎಂದು ಬಂದರೆ ಗೊಬ್ಬರಕ್ಕಿಂತ ಎರಡು ವಾರ ಮೊದಲೇ ಸುಣ್ಣ ಹಾಕಿ. ಹುಳಿ ಇಳಿದಂತೆ ಕೆಯೊಲಿನೈಟ್‌ನ ಹಿಡಿತವೂ ಸ್ವಲ್ಪ ಏರುತ್ತದೆ.