ಹನ್ನೊಂದು ತಿಂಗಳ ಅಂಗಾಲಿನ ಹುಣ್ಣು ಮಾಯ್ದ ಬಗೆ

ಹೆಬ್ಬೆರಳಿನ ಬುಡದಲ್ಲಿ ಐದು ರೂಪಾಯಿ ನಾಣ್ಯದಷ್ಟಗಲದ ಹುಣ್ಣು. ಹನ್ನೊಂದು ತಿಂಗಳಾದರೂ ಅದೇ ಅಗಲ. ರಾಣೆಬೆನ್ನೂರು ಕಡೆಯ, ಸಕ್ಕರೆ ಕಾಯಿಲೆಯ ಒಬ್ಬ ರೈತರ ಕಾಲನ್ನು ವಾರಕ್ಕೆರಡು ಸಲ ತೊಳೆದು ಕಟ್ಟುತ್ತಿದ್ದ ನರ್ಸ್ ನಾನೇ. ಜಡ್ಡು ಕೆತ್ತಿದ್ದೆವು, ಭಾರ ಬೀಳದಂತೆ ಫೋಮ್ ಸುರುಳಿ ಕಟ್ಟಿದ್ದೆವು. ಪಾದದ ನಾಡಿ ಕೈಗೆ ಚೆನ್ನಾಗಿ ಸಿಗುತ್ತಿತ್ತು, ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) ಹತ್ತರಿಂದ ಏಳೂವರೆಗೆ ಇಳಿದಿತ್ತು. ಆದರೂ ಒಳಗಿನ ಮಾಂಸ ಹಳೆಯ ಇಟ್ಟಿಗೆಯ ಹಾಗೆ ಮಂಕು, ಅಂಚು ಒಳಕ್ಕೆ ಸುತ್ತಿಕೊಂಡು ಕೂತಿತ್ತು. ಡ್ರೆಸಿಂಗ್ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಈ ನೋಟ ಹೇಳಿಕೊಡಬೇಕಿಲ್ಲ.

ವಿಟಮಿನ್ ಎಂಬ ಮಾತನ್ನು ನಮ್ಮ ಡಾಕ್ಟರರ ಮುಂದೆ ಎತ್ತುವುದು ನನಗೆ ಸುಲಭವಾಗಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ನಾನೇ ಹಟ ಹಿಡಿದು ಹದಿನೈದು ರೋಗಿಗಳಿಗೆ ಮಲ್ಟಿವಿಟಮಿನ್ ಟಾನಿಕ್ ಬರೆಸಿದ್ದೆ. ಬಾಟಲಿಗೆ ಸುಮಾರು 180 ರೂಪಾಯಿ, ತಿಂಗಳಿಗೆ ಎರಡು ಬಾಟಲಿ. ಮೂರು ತಿಂಗಳಲ್ಲಿ ಒಬ್ಬರ ಗಾಯವೂ ಕುಗ್ಗಲಿಲ್ಲ. ನಾಲ್ಕೈದು ಜನರ ಬರಿಹೊಟ್ಟೆಯ ಸಕ್ಕರೆ ಏರಿತು. ಬಾಟಲಿಯ ಹಿಂದೆ ಸಣ್ಣ ಅಕ್ಷರ ಓದಿದಾಗ ಎದೆ ಧಸಕ್ಕೆಂದಿತು: ಸಕ್ಕರೆ ಪಾಕದಲ್ಲಿ ಮಾಡಿದ ಟಾನಿಕ್. ಬಡವರ ದುಡ್ಡು ಹಾಳು ಮಾಡಿದೆನಲ್ಲ ಎಂಬ ಸಂಕಟ ಈಗಲೂ ಹೋಗಿಲ್ಲ.

ದಾರಿ ತೋರಿಸಿದ್ದು ಆ ರೈತರ ಹೆಗಲ ಮೇಲಿನ ಬಿಳಿ ಟವೆಲ್. ಬಾಯಿ ಒರೆಸಿಕೊಂಡಾಗ ಅದರಲ್ಲಿ ತೆಳುವಾಗಿ ರಕ್ತದ ಕಲೆ ಕಂಡಿತು. ಕೇಳಿದೆ. "ಹಲ್ಲುಜ್ಜಿದರೆ ರಕ್ತ ಬರುತ್ತದೆ ಅಕ್ಕಾವರೇ, ಅದೇನು ಹೊಸದಲ್ಲ" ಎಂದರು. ಬಾಯಿ ತೆರೆಸಿ ನೋಡಿದರೆ ವಸಡು ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಊಟ ವಿಚಾರಿಸಿದೆ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ನಾಲ್ಕು ವರ್ಷ ಹಣ್ಣು ಮುಟ್ಟಿಲ್ಲ. ಗಾಯವಾದ ಮೇಲೆ ಹುಳಿ ನಂಜು, ಕೀವಾಗುತ್ತದೆ ಎಂದು ಮನೆಯವರು ನಿಂಬೆ, ಟೊಮೆಟೊ, ಹುಣಸೆ ಎಲ್ಲ ಬಿಡಿಸಿದ್ದರು. ಉಳಿದದ್ದು ಜೋಳದ ರೊಟ್ಟಿ, ಬೇಳೆ, ಎರಡು ಮೂರು ಸಲ ಕುದಿಸಿದ ಪಲ್ಯ, ಚಹಾ. ಪಥ್ಯದ ಹೆಸರಿನಲ್ಲಿ ಸಿ ವಿಟಮಿನ್ ಬರುವ ದಾರಿಯನ್ನೆಲ್ಲ ಮುಚ್ಚಿಬಿಟ್ಟಿದ್ದರು. ವಸಡಿನ ರಕ್ತ, ಮಾಯದ ಗಾಯ ಎರಡೂ ಅದರ ಕೊರತೆಯವೇ ಇರಬಹುದು ಎನ್ನಿಸಿತು.

"ಸಿಸ್ಟರ್, ಮತ್ತೆ ಟಾನಿಕ್ ಪುರಾಣ ಬೇಡ" ಎಂದರು ಡಾಕ್ಟರ್. ಟಾನಿಕ್ ಬೇಡ ಸರ್, ಸಿ ಒಂದನ್ನೇ ಕೊಡೋಣ ಎಂದೆ. ಕಿಡ್ನಿ ಪರೀಕ್ಷೆ ಸರಿಯಿದೆ ಎಂದು ನೋಡಿಕೊಂಡು ದಿನಕ್ಕೆ 500 ಮಿಲಿಗ್ರಾಂ ಬರೆದರು. ಹದಿನೈದು ಮಾತ್ರೆಗೆ ಇಪ್ಪತ್ತೈದು ರೂಪಾಯಿ ಆಸುಪಾಸು. ಡ್ರೆಸಿಂಗ್‌ನಲ್ಲಿ ಏನೂ ಬದಲಿಸಲಿಲ್ಲ. ಹತ್ತನೆಯ ದಿನಕ್ಕೆ ವಸಡಿನ ರಕ್ತ ನಿಂತಿತು. ಮೂರನೆಯ ವಾರ ಬ್ಯಾಂಡೇಜ್ ಬಿಚ್ಚಿದಾಗ ಹುಣ್ಣಿನ ತಳದಲ್ಲಿ ದಾಳಿಂಬೆ ಕಾಳಿನ ಹಾಗೆ ಕೆಂಪು ಕೆಂಪು ಮಾಂಸ. ಹತ್ತಿ ತಾಗಿದರೆ ಹನಿ ರಕ್ತ. ಹನ್ನೊಂದು ತಿಂಗಳಲ್ಲಿ ಕಾಣದ ಬಣ್ಣ. ಹತ್ತು ವಾರಕ್ಕೆ ಪೂರ್ತಿ ಮುಚ್ಚಿತು. ಎಕ್ಸ್‌ರೇ ಹಾಳೆ ತೊಳೆದು, ಅದರ ಮೇಲೆ ವಾರವಾರ ಗಾಯದ ಗೆರೆ ಎಳೆದಿಟ್ಟಿದ್ದೆ. ಒಂದರ ಮೇಲೊಂದು ಇಟ್ಟು ಡಾಕ್ಟರರ ಮೇಜಿಗೆ ಹಾಕಿದೆ. ಅವರು ಬಹಳ ಹೊತ್ತು ನೋಡಿದರು. ಮರುವಾರ ಅವರೇ 2021ರಲ್ಲಿ ಪ್ರಕಟವಾದ ಸಿಡ್ನಿಯ ಒಂದು ಅಧ್ಯಯನ ತೋರಿಸಿದರು. ಹದಿನಾರೇ ರೋಗಿಗಳು, ಇದೇ 500 ಮಿಲಿಗ್ರಾಂ, ಎಂಟು ವಾರ. ಸಿ ತೆಗೆದುಕೊಂಡವರ ಪಾದದ ಹುಣ್ಣು ಚೆನ್ನಾಗಿ ಮಾಯ್ದಿತ್ತು. ಅಧ್ಯಯನ ಚಿಕ್ಕದು, ನಿಜ. ಆದರೂ ಆ ದಿನ ನಾನು ತಲೆಯೆತ್ತಿ ಮನೆಗೆ ಹೋದೆ.

ಡಿ ವಿಟಮಿನ್ ವಿಷಯದಲ್ಲಿ ದೊಡ್ಡ ಪೆಟ್ಟು ತಿಂದೆವು. ಕಡಿಮೆ ಇದ್ದವರಿಗೆ 60,000 ಯೂನಿಟ್ಟಿನ ಪುಡಿ, ವಾರಕ್ಕೊಂದು, ಎಂಟು ವಾರ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಹಿಮ್ಮಡಿ ಗಾಯದ ಒಬ್ಬ ಅಜ್ಜಿ ಅದನ್ನು ದಿನಕ್ಕೊಂದರಂತೆ ಹಾಲಿಗೆ ಹಾಕಿಕೊಂಡು ಕುಡಿದರು. ಚೀಟಿ ಇಂಗ್ಲಿಷಿನಲ್ಲಿತ್ತು, ಅಂಗಡಿಯವರು ಕೇಳಿದಷ್ಟು ಕೊಟ್ಟರು. ಎರಡು ತಿಂಗಳಾಗುವಷ್ಟರಲ್ಲಿ ವಾಂತಿ, ಮಲಬದ್ಧತೆ, ತಡೆಯಲಾಗದ ಬಾಯಾರಿಕೆ. ಬಾಯಾರಿಕೆಯನ್ನು ನಾವು ಸಕ್ಕರೆಯದ್ದೇ ಎಂದುಕೊಂಡೆವು. ಆದರೆ ಡಿ ಮಿತಿಮೀರಿ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೇರಿ ಹದಿಮೂರು ದಾಟಿತ್ತು. ದಾಖಲು ಮಾಡಿಕೊಂಡು ಸಲೈನ್ ಏರಿಸಬೇಕಾಯಿತು, ಮನೆಯವರಿಗೆ ಹದಿನೆಂಟು ಸಾವಿರದ ಹತ್ತಿರ ಖರ್ಚು. ಅಂದಿನಿಂದ ಪುಡಿ ಮನೆಗೆ ಕೊಡುವುದಿಲ್ಲ. ಡ್ರೆಸಿಂಗಿಗೆ ಬಂದ ದಿನ ನನ್ನ ಕಣ್ಣೆದುರೇ ಪೊಟ್ಟಣ ಹರಿದು ಕುಡಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರಿನ ಮುಂದೆ ಗುರುತು ಹಾಕುತ್ತೇನೆ.

ಬಿ12 ಬೇರೆ ಕಥೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಇದು ಕಡಿಮೆಯಾಗುತ್ತದೆ. ಚುಚ್ಚುಮದ್ದು ಕೊಟ್ಟಾಗ ಕೆಲವರಿಗೆ ಪಾದದ ಉರಿ ತಗ್ಗಿತು, ನಡಿಗೆ ಸುಧಾರಿಸಿತು. ಗಾಯ ಅದರಿಂದಲೇ ಮಾಯ್ದಿತು ಎಂದು ಎದೆ ತಟ್ಟಿ ಹೇಳಲಾರೆ. ಜಿಂಕ್ ಕೊಟ್ಟು ನೋಡಿದೆವು. ಹೊಟ್ಟೆ ತೊಳಸಿ ಅರ್ಧಕ್ಕರ್ಧ ಜನ ಬಿಟ್ಟರು. ತಿಂಗಳುಗಟ್ಟಲೆ ಕೊಟ್ಟರೆ ದೇಹದ ತಾಮ್ರವೂ ಕಡಿಮೆಯಾಗುತ್ತದೆ. ಈಗ ಅದರ ಗೋಜಿಗೆ ಹೋಗುವುದಿಲ್ಲ.

ನಡುವೆ ನೆಲ್ಲಿಕಾಯಿಯ ಪ್ರಯೋಗವನ್ನೂ ಮಾಡಿದೆ. ನೂರು ಗ್ರಾಂ ನೆಲ್ಲಿಕಾಯಿಯಲ್ಲಿ ಸುಮಾರು 250 ಮಿಲಿಗ್ರಾಂ ಸಿ ಇದೆ, ಪೇರಲದಲ್ಲೂ ಅದರ ಆಸುಪಾಸೇ. ಮಾತ್ರೆ ಎಂದರೆ ಮುಖ ತಿರುಗಿಸುವ ಐದಾರು ಜನರಿಗೆ ದಿನಕ್ಕೆ ಎರಡು ದೊಡ್ಡ ನೆಲ್ಲಿಕಾಯಿಯ ಹಸಿ ಚಟ್ನಿ ಅಥವಾ ಅರ್ಧ ಪೇರಲ ತಿನ್ನಲು ಹೇಳಿದೆ. ಒಬ್ಬಾಕೆ ನೆಲ್ಲಿಕಾಯಿ ಮುರಬ್ಬ ತಿಂದು ಸಕ್ಕರೆಯನ್ನು ಮುನ್ನೂರಕ್ಕೆ ಏರಿಸಿಕೊಂಡರು. ಉಳಿದವರಿಗೆ ಒಳ್ಳೆಯದಾಯಿತು. ಹಂಗಾಮಿನಲ್ಲಿ ಇದಕ್ಕೆ ಖರ್ಚೇ ಇಲ್ಲ.

ಈವರೆಗೆ ಮಾಯದೆ ನಿಂತುಬಿಟ್ಟಿದ್ದ ನಲವತ್ತರ ಹತ್ತಿರ ಗಾಯಗಳನ್ನು ಹೀಗೆ ನೋಡಿದ್ದೇನೆ. ಇಪ್ಪತ್ತಾರೋ ಇಪ್ಪತ್ತೇಳೋ ಮುಚ್ಚಿವೆ. ಮುಚ್ಚದವುಗಳಲ್ಲಿ ಹೆಚ್ಚಿನವು ನಾಡಿ ಸಿಗದ ಕಾಲುಗಳು. ಅಂಥ ಒಬ್ಬರಿಗೆ ಮಾತ್ರೆ ಕೊಡುತ್ತ ಆರು ವಾರ ಕಾದು ತಪ್ಪು ಮಾಡಿದೆವು. ಕಿರುಬೆರಳು ಕಪ್ಪಾಯಿತು, ಆಮೇಲೆ ರಕ್ತನಾಳದ ತಜ್ಞರ ಬಳಿ ಓಡಿದೆವು. ಬೆರಳು ಹೋಯಿತು, ಕಾಲು ಉಳಿಯಿತು. ಈಗ ನಾಡಿ ಸಿಗದಿದ್ದರೆ ಅದೇ ದಿನ ಕಳುಹಿಸುತ್ತೇವೆ. ಕೀವು, ಜ್ವರ ಇದ್ದರಂತೂ ವಿಟಮಿನ್ ಮಾತೇ ಇಲ್ಲ.

ಸುತ್ತಿಕೊಂಡ ಅಂಚನ್ನು ಬ್ಲೇಡಿನಿಂದ ಯಾವ ಓರೆಯಲ್ಲಿ ಎತ್ತುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓದಿ ಮಾಡಲು ಹೋದರೆ ಕೈ ತಪ್ಪುತ್ತದೆ. ಕೋಣೆಗೆ ಬಂದ ಸಿಸ್ಟರ್‌ಗಳಿಗೆ ಕೈ ಹಿಡಿದು ತೋರಿಸುತ್ತೇನೆ. ಫೋಮ್ ಸುರುಳಿಯ ಅಳತೆಯೂ ಹಾಗೆಯೇ.

ಆ ರೈತರು ಕಳೆದ ತಿಂಗಳು ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಸವೆದಿದೆ ಎಂದು ಬಂದಿದ್ದರು. ಅಂಗಾಲು ಗಟ್ಟಿಯಾಗಿದೆ, ಗಾಯದ ಜಾಗದಲ್ಲಿ ಬೆಳ್ಳನೆಯ ಗೆರೆಯಷ್ಟೇ. ಕೈಚೀಲದಲ್ಲಿ ಎಂಟು ಹತ್ತು ಪೇರಲ ತಂದಿದ್ದರು. ಹಿತ್ತಲಿನಲ್ಲಿ ಗಿಡ ನೆಟ್ಟು ಮೂರನೆಯ ವರ್ಷವಂತೆ.