ಹೊಸಬರಿಗೆ ಮಾರ್ಗದರ್ಶಿ: ಗಂಡ ಅಥವಾ ಹೆಂಡತಿಯ ವೀಸಾಗೆ ಜಾಯಿಂಟ್ ಸ್ಪಾನ್ಸರ್ ಬೇಕಾದಾಗ

ಊರಲ್ಲಿ ಹೆಂಡತಿ, ಅಮೆರಿಕದಲ್ಲಿ ಗಂಡ. ಸಂಗಾತಿಯನ್ನು ಕರೆಸಿಕೊಳ್ಳಲು ಹಾಕುವ ಐ-130 ಅರ್ಜಿಗೆ ಒಪ್ಪಿಗೆ ಸಿಕ್ಕಿ, ಇಂಟರ್‌ವ್ಯೂಗೆ ಮುಂಚೆ ಕಾಗದಗಳನ್ನು ಪರಿಶೀಲಿಸುವ ನ್ಯಾಷನಲ್ ವೀಸಾ ಸೆಂಟರಿಗೆ ಫೈಲು ಬಂದಿದೆ. ಇನ್ನು ಮುಂಬೈ ಇಂಟರ್‌ವ್ಯೂ ಒಂದು ಆದರೆ ಸಾಕು ಅನ್ನುವಷ್ಟರಲ್ಲಿ ಐ-864 ಫಾರಂ ಎದುರಿಗೆ ನಿಲ್ಲುತ್ತದೆ. ಬರುವವರನ್ನು ಸಾಕುವಷ್ಟು ಸಂಪಾದನೆ ನನಗಿದೆ, ಅವರು ಸರ್ಕಾರದ ನೆರವಿಗೆ ಕೈಚಾಚದಂತೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಡುವ ಕಾಗದ ಅದು. ಈಗಷ್ಟೇ ಓದು ಮುಗಿಸಿದವರು, ಪಾರ್ಟ್‌ಟೈಮ್ ಕೆಲಸದಲ್ಲಿರುವವರು, ಅಮೆರಿಕದಲ್ಲಿ ಹುಟ್ಟಿ ಮೈಸೂರಲ್ಲೋ ಮಂಗಳೂರಲ್ಲೋ ಬೆಳೆದು ಈಗ ವಾಪಸ್ ಬಂದವರು ಈ ಫಾರಂ ಹತ್ತಿರ ತಡವರಿಸುತ್ತಾರೆ. ಸಂಬಳ ಸಾಲದಿದ್ದರೆ ಇನ್ನೊಬ್ಬರು ಜೊತೆಗೆ ನಿಲ್ಲಬೇಕು. ಅವರೇ ಜಾಯಿಂಟ್ ಸ್ಪಾನ್ಸರ್.

ನಮ್ಮ ಕೂಟದಲ್ಲಿ ಹೆಚ್ಚಿನವರು ಮೊದಲು ಎಡವುವುದು ಯಾರನ್ನು ಕೇಳಬೇಕು ಅನ್ನುವುದರಲ್ಲೇ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವ ಗೆಳೆಯರ ಸಂಬಳ ಎಷ್ಟೇ ದೊಡ್ಡದಿರಲಿ, ಅವರು ನಿಲ್ಲುವ ಹಾಗಿಲ್ಲ. ಸಿಟಿಜನ್ ಆಗಿರಬೇಕು ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು, 18 ತುಂಬಿರಬೇಕು, ಅಮೆರಿಕದಲ್ಲೇ ನೆಲೆಸಿರಬೇಕು. ನೆಂಟರೇ ಆಗಬೇಕೆಂದೇನೂ ಇಲ್ಲ. ಪಕ್ಕದ ಮನೆಯವರೂ ಆಗಬಹುದು.

ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. ಜಾಯಿಂಟ್ ಸ್ಪಾನ್ಸರ್ ಸಿಕ್ಕರೆಂದು ನಿಮ್ಮ ಫಾರಂ ತಪ್ಪುವುದಿಲ್ಲ. ನಿಮ್ಮ ಆದಾಯ ಸೊನ್ನೆ ಇದ್ದರೂ ನೀವು ನಿಮ್ಮ ಐ-864 ತುಂಬಿ ಸಹಿ ಹಾಕಲೇಬೇಕು. ಅವರದು ಬೇರೆ ಐ-864. ನಿಮ್ಮದಿಷ್ಟು ಅವರದಿಷ್ಟು ಎಂದು ಎರಡನ್ನೂ ಕೂಡಿ ತೋರಿಸಲು ಬರುವುದಿಲ್ಲ. ಬೇಕಾದ ಮೊತ್ತವನ್ನು ಅವರು ತಮ್ಮ ಮನೆಯ ಲೆಕ್ಕದಲ್ಲೇ ಮುಟ್ಟಬೇಕು.

ಮೊತ್ತ ಎಷ್ಟು, ತಲೆ ಎಷ್ಟು

ಸರ್ಕಾರ ಪ್ರತಿ ವರ್ಷ ಬಡತನದ ರೇಖೆಯ ಪಟ್ಟಿ ಹೊರಡಿಸುತ್ತದೆ. ಅದರ ಶೇ. 125 ನಮಗೆ ಬೇಕಾದ ಮೊತ್ತ. ಐ-864ಪಿ ಎಂಬ ಹಾಳೆಯಲ್ಲಿ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. 2025ರ ಪಟ್ಟಿಯಲ್ಲಿ ಇಬ್ಬರ ಮನೆಗೆ 26,437 ಡಾಲರ್, ನಾಲ್ವರಿಗೆ 40,187, ಐವರಿಗೆ 47,062, ಆರು ಜನಕ್ಕೆ 53,937. ಅಲಾಸ್ಕಾ, ಹವಾಯಿಗೆ ಇನ್ನೂ ಜಾಸ್ತಿ. ನೀವು ಫಾರಂ ಕಳಿಸುವ ಹೊತ್ತಿಗೆ ಯಾವ ವರ್ಷದ ಪಟ್ಟಿ ನಡೆಯುತ್ತಿದೆಯೋ ಅದನ್ನೇ ನೋಡಿ.

ಮೊತ್ತಕ್ಕಿಂತ ತಲೆ ಎಣಿಸುವುದೇ ಕಷ್ಟದ ಕೆಲಸ. ಒಂದು ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಇದೇ ಕಾಗದಗಳನ್ನು ಹರಡಿಕೊಂಡು ಕೂತಿದ್ದೆವು. ಅರ್ಜಿ ಹಾಕಿದ್ದ ಹುಡುಗನ ಹೆಂಡತಿ ಹಾಸನದಲ್ಲಿ. ಜಾಯಿಂಟ್ ಸ್ಪಾನ್ಸರ್ ಆಗಲು ಒಪ್ಪಿದ್ದವರು ಅವನ ಚಿಕ್ಕಪ್ಪ. ಚಿಕ್ಕಪ್ಪ, ಚಿಕ್ಕಮ್ಮ, ಎರಡು ಮಕ್ಕಳು, ಬರುವ ಹುಡುಗಿ, ಒಟ್ಟು ಐದು ಎಂದು ಬರೆದಿದ್ದರು. ಟ್ಯಾಕ್ಸ್ ರಿಟರ್ನಿನಲ್ಲಿ 98,000 ಇತ್ತು. 47,062 ದಾಟಿ ಎಷ್ಟೋ ಮುಂದಿದ್ದೇವೆಂದು ಎಲ್ಲರೂ ನಿರಾಳವಾಗಿದ್ದರು.

ಆದರೆ ಆ ರಿಟರ್ನ್ ಗಂಡ ಹೆಂಡತಿ ಸೇರಿ ಸಲ್ಲಿಸಿದ್ದು. ಡಬ್ಲ್ಯೂ-2, ಅಂದರೆ ಕಂಪನಿ ಕೊಡುವ ವರ್ಷದ ಸಂಬಳದ ಚೀಟಿ, ಬಿಡಿಸಿ ನೋಡಿದರೆ ಚಿಕ್ಕಪ್ಪನದು 51,000, ಚಿಕ್ಕಮ್ಮನದು 47,000. ಸಹಿ ಹಾಕುವವರು ಚಿಕ್ಕಪ್ಪ ಒಬ್ಬರೇ ಆದ್ದರಿಂದ 51,000 ಮಾತ್ರ ಲೆಕ್ಕಕ್ಕೆ. ಆದರೂ ಐದು ಜನಕ್ಕೆ ಸಾಕು ಅಂದುಕೊಳ್ಳುವಾಗ ಚಿಕ್ಕಮ್ಮ ಮೆಲ್ಲಗೆ ಕೇಳಿದರು: "ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸುವಾಗ ನೀವು ಇಂಥದ್ದೇ ಒಂದಕ್ಕೆ ಸಹಿ ಹಾಕಿದ್ರಿ ಅಲ್ವಾ?" ಹಾಕಿದ್ದರು, ಆರು ವರ್ಷದ ಹಿಂದೆ. ಆ ತಾಯಿ ಈಗ ಬೇರೆ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದಾರೆ, ಇವರ ಟ್ಯಾಕ್ಸಿನಲ್ಲಿ ಅವರ ಹೆಸರೇ ಇಲ್ಲ. ಆದರೂ ಹಳೆಯ ಐ-864 ಇನ್ನೂ ಜೀವಂತ, ಹಾಗಾಗಿ ಅವರೂ ಒಂದು ತಲೆ. ಐದು ಹೋಗಿ ಆರಾಯಿತು, 51,000 ಸಾಲದಾಯಿತು.

ದಾರಿ ಇತ್ತು. ಒಂದೇ ಮನೆಯಲ್ಲಿರುವ ಹೆಂಡತಿ ಐ-864ಎ ಎಂಬ ಇನ್ನೊಂದು ಫಾರಂಗೆ ಸಹಿ ಹಾಕಿದರೆ ಅವರ ಸಂಪಾದನೆಯೂ ಸೇರುತ್ತದೆ. ಚಿಕ್ಕಮ್ಮ ಸಹಿ ಹಾಕಿದರು, ಅವರ ಡಬ್ಲ್ಯೂ-2 ಜೊತೆಗೆ ಹೋಯಿತು. ಅವರು ಆ ಪ್ರಶ್ನೆ ಕೇಳದೇ ಇದ್ದಿದ್ದರೆ ತಪ್ಪು ಲೆಕ್ಕದ ಫಾರಂ ಮುಂಬೈವರೆಗೂ ಹೋಗುತ್ತಿತ್ತು. ಅದಕ್ಕೇ ಹೇಳುತ್ತೇನೆ, ಸ್ಪಾನ್ಸರ್ ಆಗುವವರ ಮನೆಗೆ ಹೋದಾಗ ದಂಪತಿ ಇಬ್ಬರನ್ನೂ ಕೂರಿಸಿಕೊಂಡು ಎಣಿಸಿ.

ಆದಾಯ ಸ್ವಲ್ಪವೇ ಕಡಿಮೆ ಬಿದ್ದರೆ ಆಸ್ತಿ ತೋರಿಸಬಹುದು: ಉಳಿತಾಯ, ಷೇರು, ಸಾಲ ಕಳೆದು ಉಳಿದ ಮನೆಯ ಬೆಲೆ. ಒಂದು ವರ್ಷದೊಳಗೆ ದುಡ್ಡಾಗುವಂಥದ್ದು ಇರಬೇಕು. ಅರ್ಜಿ ಹಾಕಿದವರು ಸಿಟಿಜನ್ ಆಗಿದ್ದು ಬರುವವರು ಅವರ ಗಂಡ ಅಥವಾ ಹೆಂಡತಿಯಾದರೆ ಕೊರತೆಯ ಮೂರು ಪಟ್ಟು, ಗ್ರೀನ್ ಕಾರ್ಡಿನವರ ಸಂಗಾತಿಯಾದರೆ ಐದು ಪಟ್ಟು.

ಕೇಳುವ ಮೊದಲು ಅವರಿಗೆ ಹೇಳಬೇಕಾದ್ದು

ಊರಲ್ಲಿ ಸೊಸೈಟಿ ಸಾಲಕ್ಕೆ ಶ್ಯೂರಿಟಿ ಹಾಕಿ ಕೈ ಸುಟ್ಟುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಇದೂ ಅಂಥದ್ದೇ ಹೊಣೆ. ಬಂದವರು ಸಿಟಿಜನ್ ಆಗುವವರೆಗೆ, ಅಥವಾ ಅವರ ಲೆಕ್ಕಕ್ಕೆ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಜಮೆಯಾಗುವವರೆಗೆ ಇದು ಮುಗಿಯುವುದಿಲ್ಲ. ಅವರು ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೊರಟುಹೋದರೆ, ಅಥವಾ ಯಾರಾದರೂ ತೀರಿಕೊಂಡರೆ ಮಾತ್ರ ಅದಕ್ಕೆ ಮೊದಲೇ ಮುಗಿಯುತ್ತದೆ. ವಿಚ್ಛೇದನವಾದರೂ ಹೊಣೆ ಹಾಗೇ ಉಳಿಯುತ್ತದೆ. ಫುಡ್ ಸ್ಟ್ಯಾಂಪಿನಂಥ ನೆರವು ಪಡೆದರೆ ಆ ಹಣವನ್ನು ಸ್ಪಾನ್ಸರ್‌ನಿಂದ ವಸೂಲು ಮಾಡುವ ಅಧಿಕಾರ ಸರ್ಕಾರಕ್ಕಿದೆ. ಸ್ಪಾನ್ಸರ್ ಮನೆ ಬದಲಿಸಿದರೆ 30 ದಿನದೊಳಗೆ ಐ-865 ಫಾರಂನಲ್ಲಿ ತಿಳಿಸಬೇಕು. "ಸುಮ್ಮನೆ ಒಂದು ಸಹಿ ಅಷ್ಟೇ ಮಾಮ" ಎಂದು ಯಾರಿಗೂ ಹೇಳಬೇಡಿ. ಎಲ್ಲ ಕೇಳಿದ ಮೇಲೂ ಹೂಂ ಅಂದವರ ಉಪಕಾರ ದೊಡ್ಡದು. ಬೇಡ ಅಂದವರ ಮೇಲೆ ಬೇಸರ ಇಟ್ಟುಕೊಳ್ಳಬೇಡಿ.

ಕಾಗದಗಳು

ಸ್ಪಾನ್ಸರ್ ಸ್ಥಾನಮಾನ ತೋರಿಸಲು, ಸಿಟಿಜನ್ ಆದರೆ ಅಮೆರಿಕದ ಪಾಸ್‌ಪೋರ್ಟಿನ ಫೋಟೋ ಪುಟ ಅಥವಾ ನ್ಯಾಚುರಲೈಸೇಷನ್ ಸರ್ಟಿಫಿಕೇಟ್. ಗ್ರೀನ್ ಕಾರ್ಡ್ ಆದರೆ ಎರಡೂ ಬದಿಯ ಪ್ರತಿ. ಹಿಂಬದಿ ಮರೆಯುವವರು ಬಹಳ.

ಆದಾಯ ತೋರಿಸಲು ನನ್ನ ಸಲಹೆ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ರಿಟರ್ನಿನ ಸಾರಾಂಶ, ಅಂದರೆ ಐಆರ್‌ಎಸ್ ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್. ಐಆರ್‌ಎಸ್ ಜಾಲತಾಣದಲ್ಲಿ ಲಾಗಿನ್ ಆದರೆ ಪುಕ್ಕಟೆಯಾಗಿ ಸಿಗುತ್ತದೆ. ರಿಟರ್ನಿನ ಜೆರಾಕ್ಸ್ ಕೊಡುವುದಾದರೆ ಡಬ್ಲ್ಯೂ-2, ಸಂಬಳವಲ್ಲದ ಆದಾಯದ ಚೀಟಿಯಾದ 1099 ಎಲ್ಲ ಲಗತ್ತಿಸಬೇಕು. ಜಂಟಿ ರಿಟರ್ನ್ ಆಗಿದ್ದರೆ ಯಾರ ಪಾಲು ಎಷ್ಟು ಎಂದು ತೋರಿಸಲು ಡಬ್ಲ್ಯೂ-2 ಹೇಗೂ ಬೇಕು. ಸ್ವಂತ ವ್ಯಾಪಾರದವರ ವಿಷಯದಲ್ಲಿ ಎಚ್ಚರ: ಅಂಗಡಿಯ ವಹಿವಾಟು ಎಷ್ಟೇ ಇರಲಿ, ಖರ್ಚು ಕಳೆದು ರಿಟರ್ನಿನಲ್ಲಿ ಉಳಿದದ್ದೇ ಆದಾಯ.

ಫಾರಂ ಕೇಳುವುದು ಈಗಿನ ವಾರ್ಷಿಕ ಆದಾಯವನ್ನು. ಹೋದ ವರ್ಷ ಕಡಿಮೆಯಿದ್ದು ಈಗ ಒಳ್ಳೆಯ ಕೆಲಸ ಸಿಕ್ಕಿದ್ದರೆ ಆರು ತಿಂಗಳ ಪೇ ಸ್ಟಬ್ (ಪ್ರತಿ ಸಂಬಳದ ಚೀಟಿ), ಜೊತೆಗೆ ಹುದ್ದೆ, ಸೇರಿದ ದಿನ, ಸಂಬಳ ಬರೆದ ಕಂಪನಿಯ ಪತ್ರ ಇಡಿ. ಕೆಲಸ ಬಿಟ್ಟವರ ಹಳೆಯ ದೊಡ್ಡ ರಿಟರ್ನ್ ತೋರಿಸಿ ಪ್ರಯೋಜನವಿಲ್ಲ.

ಫಾರಂಗೆ ನೋಟರಿ ಬೇಡ, ಆದರೆ ಸಹಿ ಪೆನ್ನಿನಲ್ಲೇ ಇರಲಿ. ಏನಾದರೂ ಕೊರತೆ ಕಂಡರೆ ಅಧಿಕಾರಿ 221(ಜಿ) ಎಂಬ ಚೀಟಿ ಕೊಡುತ್ತಾರೆ. ಕೇಳಿದ ಕಾಗದ ತಲುಪುವವರೆಗೆ ವೀಸಾ ನಿಲ್ಲುತ್ತದೆ. ಫಾರಂ ಕಳಿಸುವುದಕ್ಕೂ ಇಂಟರ್‌ವ್ಯೂಗೂ ನಡುವೆ ತಿಂಗಳುಗಟ್ಟಲೆ ಹೋಗಬಹುದು. ಅಷ್ಟರಲ್ಲಿ ಸ್ಪಾನ್ಸರ್ ಹೊಸ ವರ್ಷದ ರಿಟರ್ನ್ ಸಲ್ಲಿಸಿದ್ದರೆ ಅದರ ಟ್ರಾನ್ಸ್‌ಕ್ರಿಪ್ಟನ್ನೂ ಇತ್ತೀಚಿನ ಪೇ ಸ್ಟಬ್ಬನ್ನೂ ತರಿಸಿಕೊಂಡು ಊರಿಗೆ ಕಳಿಸಿ, ಅವರು ಮುಂಬೈಗೆ ಹೊರಡುವ ಮುಂಚೆ ಫೈಲಿನ ಮೇಲ್ಗಡೆಯೇ ಇಟ್ಟುಕೊಳ್ಳಲಿ.