ರೋಲರ್ ಕೋಸ್ಟರ್ ಏರದವರಿಗಾಗಿ ಹೂಡಿದ ಪ್ರವಾಸ

ಕಳೆದ ಬೇಸಿಗೆಯಲ್ಲಿ ಹಾಸನದಿಂದ ಅಪ್ಪ ಅಮ್ಮ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಗೆ ಬಂದಾಗ, ಮಕ್ಕಳಿಬ್ಬರೂ ವರ್ಷದಿಂದ ಬೇಡುತ್ತಿದ್ದ ಥೀಮ್ ಪಾರ್ಕ್ ಪ್ರವಾಸವನ್ನು ಅದೇ ರಜೆಯಲ್ಲಿ ಮುಗಿಸಬೇಕೆಂದು ನಾನು ಮತ್ತು ನನ್ನ ಪತಿ ತೀರ್ಮಾನಿಸಿದೆವು. ಹನ್ನೊಂದು ವರ್ಷದ ಮಗಳಿಗೆ ಎತ್ತರದ ರೋಲರ್ ಕೋಸ್ಟರ್‌ಗಳ ಹುಚ್ಚು, ಏಳು ವರ್ಷದ ಮಗನಿಗೆ ಅಕ್ಕ ಏರಿದ್ದನ್ನೆಲ್ಲ ತಾನೂ ಏರಬೇಕೆಂಬ ಹಟ. ಅಮ್ಮನಿಗೆ ಮೊಣಕಾಲು ನೋವು ಮತ್ತು ಸಕ್ಕರೆ ಕಾಯಿಲೆ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಅಪ್ಪನಿಗೆ ಯಂತ್ರಗಳನ್ನು ನೋಡುವ ಕುತೂಹಲವಿದ್ದರೂ ಅವುಗಳಲ್ಲಿ ಕುಳಿತು ತಲೆಕೆಳಗಾಗುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ.

ನಮ್ಮ ಪರಿಚಯದವರಲ್ಲಿ ಹೆಚ್ಚಿನವರು ಇಂಥ ಸಂದರ್ಭದಲ್ಲಿ ಫ್ಲಾರಿಡಾದ ಆರ್ಲ್ಯಾಂಡೊಗೆ ಹೋಗುತ್ತಾರೆ. ನಾನೂ ಮೊದಲು ಅದನ್ನೇ ಯೋಚಿಸಿದ್ದೆ. ಎಡಿಸನ್‌ನಿಂದ ಅಲ್ಲಿಗೆ ಒಂದು ಸಾವಿರ ಮೈಲಿಗೂ ಹೆಚ್ಚು ದೂರ, ಆಗಸ್ಟ್ ತಿಂಗಳಲ್ಲಿ ಉರಿಬಿಸಿಲು, ಮಧ್ಯಾಹ್ನದ ಗುಡುಗು ಮಳೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಯಾವ ಸವಾರಿಯನ್ನೂ ಮಾಡದ ಇಬ್ಬರಿಗೆ ದಿನವೂ ಪೂರ್ತಿ ಟಿಕೆಟ್ ಕೊಂಡು ಅವರನ್ನು ಬೆಂಚಿನ ಮೇಲೆ ಕೂರಿಸುವ ಕಲ್ಪನೆಯೇ ನನಗೆ ಸರಿಬರಲಿಲ್ಲ. ಆದ್ದರಿಂದ ಪ್ರಶ್ನೆಯನ್ನೇ ತಿರುವಿ ಹಾಕಿದೆ. ಮಕ್ಕಳು ಏನನ್ನು ಏರುತ್ತಾರೆ ಎಂದು ಕೇಳಿಕೊಳ್ಳುವ ಮೊದಲು, ಏನನ್ನೂ ಏರದವರು ಇಡೀ ದಿನ ಎಲ್ಲಿ ಸಂತೋಷವಾಗಿರಬಲ್ಲರು ಎಂದು ಹುಡುಕಿದೆ. ಪೆನ್ಸಿಲ್ವೇನಿಯಾ ಮತ್ತು ಒಹಾಯೊ ರಾಜ್ಯಗಳ ಹಳೆಯ ಉದ್ಯಾನಗಳು ಹೀಗೆ ನಮ್ಮ ನಕ್ಷೆಯಲ್ಲಿ ಬಂದವು: ಹರ್ಷಿಪಾರ್ಕ್, ಕ್ನೋಬೆಲ್ಸ್, ಕೆನ್ನಿವುಡ್ ಮತ್ತು ಸೀಡರ್ ಪಾಯಿಂಟ್. ನಾಲ್ಕೂ ಇರುವುದು ಹೆಚ್ಚುಕಡಿಮೆ ಪಶ್ಚಿಮಕ್ಕೆ ಸಾಗುವ ಒಂದೇ ದಾರಿಯಲ್ಲಿ. ಕಟ್ಟಕಡೆಯ ಸೀಡರ್ ಪಾಯಿಂಟ್ ನಮ್ಮ ಮನೆಯಿಂದ ಸುಮಾರು ಐನೂರು ಮೈಲಿ.

ಯೋಜನೆಯಲ್ಲಿ ನಾನು ಮಾಡಿದ ಮೊದಲ ತಪ್ಪು ದಿನಾಂಕದ್ದು. ನ್ಯೂಜೆರ್ಸಿಯ ಹೆಚ್ಚಿನ ಶಾಲೆಗಳು ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನಾಚರಣೆ ಕಳೆದ ಮೇಲೆ ತೆರೆಯುತ್ತವೆ. ಒಹಾಯೊ ಮತ್ತು ಪಶ್ಚಿಮ ಪೆನ್ಸಿಲ್ವೇನಿಯಾದ ಹಲವು ಶಾಲೆಗಳು ಆಗಸ್ಟ್ ಮಧ್ಯದಿಂದಲೇ ಶುರುವಾಗುತ್ತವೆ. ಹಾಗಾದರೆ ಆಗಸ್ಟ್ ಕೊನೆಯ ವಾರ ಅಲ್ಲಿ ಜನಸಂದಣಿಯೇ ಇರುವುದಿಲ್ಲ ಎಂದು ಲೆಕ್ಕ ಹಾಕಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಹೋಟೆಲುಗಳನ್ನು ಕಾಯ್ದಿರಿಸಿದೆ. ಅಲ್ಲಿನ ಮಕ್ಕಳಿಗೆ ಶಾಲೆ ತೆರೆದರೆ ಉದ್ಯಾನಗಳಲ್ಲಿ ಬೇಸಿಗೆ ಕೆಲಸ ಮಾಡುವ ವಿದ್ಯಾರ್ಥಿಗಳೂ ತರಗತಿಗೆ ಹಿಂದಿರುಗುತ್ತಾರೆ, ಆಮೇಲೆ ಎಷ್ಟೋ ಉದ್ಯಾನಗಳು ವಾರದ ದಿನಗಳಲ್ಲಿ ಬಾಗಿಲನ್ನೇ ತೆರೆಯುವುದಿಲ್ಲ ಎಂಬುದು ಹೊಳೆದದ್ದು ಎರಡು ವಾರಗಳ ನಂತರ, ಕ್ಯಾಲೆಂಡರ್ ನೋಡಿದಾಗ. ನಾವು ಹೊಂದಿಸಿಕೊಂಡಿದ್ದ ದಿನಗಳಲ್ಲಿ ಎರಡು ದಿನ ಉದ್ಯಾನಗಳೇ ಮುಚ್ಚಿರುತ್ತಿದ್ದವು. ಹೋಟೆಲುಗಳನ್ನು ರದ್ದುಮಾಡಲು ಅವಕಾಶವಿದ್ದ ದರದಲ್ಲೇ ಕಾಯ್ದಿರಿಸಿದ್ದರಿಂದ ಹಣ ಉಳಿಯಿತು. ಪ್ರವಾಸವನ್ನು ಆಗಸ್ಟ್ ಎರಡನೆಯ ವಾರಕ್ಕೆ ಸರಿಸಿದೆವು. ಈಗ ಯಾರಾದರೂ ಕೇಳಿದರೆ, ಟಿಕೆಟ್ಟಿನ ದರವನ್ನಾಗಲಿ ಸವಾರಿಗಳ ಪಟ್ಟಿಯನ್ನಾಗಲಿ ನೋಡುವ ಮೊದಲು ಪ್ರತಿ ಉದ್ಯಾನದ ತಿಂಗಳ ಕ್ಯಾಲೆಂಡರನ್ನು ತೆರೆದು, ತೆರೆಯುವ ಮತ್ತು ಮುಚ್ಚುವ ಗಂಟೆಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ ಎನ್ನುತ್ತೇನೆ.

ಎರಡನೆಯ ಸಿದ್ಧತೆ ಎತ್ತರದ್ದು. ಇಲ್ಲಿ ಸವಾರಿಗೆ ವಯಸ್ಸು ಲೆಕ್ಕಕ್ಕಿಲ್ಲ, ಇಂಚು ಲೆಕ್ಕ. ಮಗನನ್ನು ಬರಿಗಾಲಿನಲ್ಲಿ ಗೋಡೆಗೆ ನಿಲ್ಲಿಸಿ ಅಳೆದಾಗ ನಲವತ್ತೇಳೂವರೆ ಇಂಚು ಬಂತು. ಸೀಡರ್ ಪಾಯಿಂಟ್‌ನ ಮಿಲೇನಿಯಂ ಫೋರ್ಸ್ ಎಂಬ ಕೋಸ್ಟರ್‌ಗೆ ಬೇಕಾದದ್ದು ನಲವತ್ತೆಂಟು. ಆ ಅರ್ಧ ಇಂಚಿನ ಸಂಗತಿಯನ್ನು ಹೊರಡುವ ಮೂರು ವಾರ ಮೊದಲೇ ಅವನಿಗೆ ತಿಳಿಸಿದೆವು. ಒಂದು ದಿನ ಅತ್ತ, ಎರಡು ದಿನ ಹಾಲು ಹೆಚ್ಚು ಕುಡಿದ, ಆಮೇಲೆ ಒಪ್ಪಿಕೊಂಡ. ಒಂದೂವರೆ ಗಂಟೆ ಸಾಲಿನಲ್ಲಿ ನಿಂತ ಮೇಲೆ ಅಳತೆಗೋಲಿನ ಮುಂದೆ ಈ ಸುದ್ದಿ ಹೇಳಿದ್ದರೆ ಅಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ.

ಏಳು ಆಸನಗಳ ವ್ಯಾನೊಂದನ್ನು ಬಾಡಿಗೆಗೆ ಪಡೆದು ಭಾನುವಾರ ಮಧ್ಯಾಹ್ನ ಹೊರಟೆವು. ಸಾಮಾನಿನಲ್ಲಿ ಬಟ್ಟೆಗಿಂತ ಅಡುಗೆಯದೇ ಹೆಚ್ಚು: ಅನ್ನದ ಕುಕ್ಕರು, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ, ಮೂರು ದಿನಕ್ಕಾಗುವಷ್ಟು ಚಪಾತಿ, ಐಸ್ ಪೆಟ್ಟಿಗೆಯಲ್ಲಿ ಮೊಸರು. ಅಮ್ಮನ ಇನ್ಸುಲಿನ್‌ಗೆ ಬೇರೆಯದೇ ಚಿಕ್ಕ ತಂಪು ಚೀಲ. ಹೋಟೆಲುಗಳನ್ನು ಆರಿಸುವಾಗ ಈಜುಕೊಳ ಇದೆಯೇ ಎಂದು ಮಕ್ಕಳು ನೋಡಿದರೆ, ಒಲೆ ಮತ್ತು ಫ್ರಿಜ್ ಇರುವ ಕೋಣೆಯೇ ಎಂದು ನಾನು ನೋಡಿದೆ. ಸಂದರ್ಶಕ ವೀಸಾದಲ್ಲಿ ಬಂದಿರುವ ಹಿರಿಯರಿಗೆ ಮಾಡಿಸಿದ ವಿಮೆಯ ಕಾಗದ ಮತ್ತು ವೈದ್ಯರ ಔಷಧಿ ಚೀಟಿಯ ಪ್ರತಿಗಳನ್ನು ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿದ್ದೆವು. ಅವುಗಳ ಅಗತ್ಯ ಬೀಳಲಿಲ್ಲ.

ಹರ್ಷಿ ಊರು ಎರಡೂವರೆ ಗಂಟೆಯ ದಾರಿ. ಮಿಲ್ಟನ್ ಹರ್ಷಿ ತನ್ನ ಚಾಕೊಲೇಟ್ ಕಾರ್ಖಾನೆಯ ಕೆಲಸಗಾರರ ವಿಹಾರಕ್ಕೆಂದು 1906ರಲ್ಲಿ ತೆರೆದ ತೋಟವೇ ಇಂದಿನ ಹರ್ಷಿಪಾರ್ಕ್. ಊರಿನ ಬೀದಿದೀಪಗಳು ಕೂಡ ಕಿಸೆಸ್ ಚಾಕೊಲೇಟಿನ ಆಕಾರದಲ್ಲಿವೆ. ಕೆಲವು ದೀಪಗಳಿಗೆ ಹೊದಿಕೆ ಇದೆ, ಕೆಲವಕ್ಕೆ ಇಲ್ಲ ಎಂಬುದನ್ನು ಮೊದಲು ಕಂಡುಹಿಡಿದವಳು ಅಮ್ಮ. ಅಲ್ಲಿ ಮಕ್ಕಳ ಎತ್ತರವನ್ನೂ ಮಿಠಾಯಿಗಳ ಹೆಸರಿನಲ್ಲೇ ವಿಂಗಡಿಸುತ್ತಾರೆ. ನಲವತ್ತೆರಡರಿಂದ ನಲವತ್ತೆಂಟು ಇಂಚಿನೊಳಗಿನ ಮಗ ‘ರೀಸಸ್’ ಆದ, ಐವತ್ತಾರು ಇಂಚಿನ ಮಗಳು ‘ಟ್ವಿಜ್ಲರ್ಸ್’ ಆದಳು. ಪೂರ್ವ ಕರಾವಳಿಯ ಆಧುನಿಕ ಕೋಸ್ಟರ್‌ಗಳಲ್ಲಿ ಮೊದಲ ಬಾರಿಗೆ ತಲೆಕೆಳಗಾಗಿ ಪೂರ್ತಿ ಸುತ್ತು ಹೊಡೆಸಿದ, 1977ರ ಸೂಪರ್‌ಡೂಪರ್‌ಲೂಪರ್ ರೀಸಸ್ ದರ್ಜೆಯವರಿಗೂ ಮುಕ್ತವೆಂದು ತಿಳಿದಾಗ ಮಗನ ಮುಖ ಅರಳಿತು. ಆದರೆ ಉದ್ಯಾನ ಇಳಿಜಾರಿನ ಜಾಗದಲ್ಲಿದೆ. ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ಸಿಕ್ಕಿದ್ದರಿಂದ ಅಮ್ಮನ ಕಾಲು ಉಳಿಯಿತು, ಅದನ್ನು ಏರಿನಲ್ಲಿ ತಳ್ಳಿದ ನನ್ನ ಪತಿಯ ತೋಳು ಉಳಿಯಲಿಲ್ಲ. ಪಕ್ಕದಲ್ಲೇ ಇರುವ ಚಾಕೊಲೇಟ್ ವರ್ಲ್ಡ್‌ಗೆ ಪ್ರವೇಶ ಉಚಿತ. ಬೀಜದಿಂದ ಚಾಕೊಲೇಟ್ ಆಗುವ ಬಗೆಯನ್ನು ಕುಳಿತಲ್ಲೇ ತೋರಿಸುವ ಆ ಸವಾರಿಯನ್ನು ಅಪ್ಪ ಅಮ್ಮ ಎರಡು ಸಲ ಮಾಡಿದರು.

ಒಂದು ದಿನ ಉದ್ಯಾನ, ಮರುದಿನ ವಿಶ್ರಾಂತಿ ಅಥವಾ ಪ್ರಯಾಣ ಎಂಬುದು ನಮ್ಮ ನಿಯಮವಾಗಿತ್ತು. ಕ್ನೋಬೆಲ್ಸ್‌ಗೆ ಮಾತ್ರ ವಿನಾಯಿತಿ ಕೊಟ್ಟು ಮರುದಿನವೇ ಹೋದೆವು, ಏಕೆಂದರೆ ಅಲ್ಲಿ ಇಡೀ ದಿನ ದುಡಿಸಿಕೊಳ್ಳಲೇಬೇಕೆಂಬ ಒತ್ತಡವಿಲ್ಲ. ಎಲಿಸ್‌ಬರ್ಗ್ ಎಂಬ ಸಣ್ಣ ಊರಿನ ಬಳಿ, ಕಾಡಿನ ನಡುವೆ, ಹೊಳೆಯ ದಂಡೆಯ ಮೇಲೆ 1926ರಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದಿರುವ ಈ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, ವಾಹನ ನಿಲುಗಡೆಗೂ ಹಣವಿಲ್ಲ. ಏರುವ ಸವಾರಿಗಷ್ಟೇ ಚೀಟಿ ಹರಿದು ಕೊಟ್ಟರಾಯಿತು. ಹೆಸರಿನ ಮೊದಲಿನ ‘ಕ’ಕಾರವನ್ನು ಅಲ್ಲಿನವರು ನುಂಗದೆ ಉಚ್ಚರಿಸುತ್ತಾರೆ, ಕನ್ನಡಿಗರಿಗೆ ಅದೊಂದು ಅನುಕೂಲ. ಮರಗಳ ನೆರಳಿನ ಮೇಜಿನ ಮೇಲೆ ನಮ್ಮ ಪುಳಿಯೋಗರೆ, ಮೊಸರನ್ನವನ್ನು ಬಿಚ್ಚಿ ತಿಂದೆವು, ಯಾರೂ ಆಕ್ಷೇಪಿಸಲಿಲ್ಲ. ಆಲೂಗಡ್ಡೆ ಮತ್ತು ಚೀಸ್ ಹೂರಣದ ಪಿಯೆರೋಗಿ ಅಲ್ಲಿನ ಅಂಗಡಿಯಲ್ಲಿ ಸಿಕ್ಕಿತು. ಅಮ್ಮ ರುಚಿ ನೋಡಿ, ‘ಇದು ಕಡುಬೇ, ಖಾರ ಮರೆತಿದ್ದಾರೆ ಅಷ್ಟೆ’ ಎಂದಳು.

ಅಪ್ಪ ಆ ದಿನ ಫೀನಿಕ್ಸ್ ಎಂಬ ಮರದ ಕೋಸ್ಟರಿನ ಕೆಳಗೆ ಒಂದು ಗಂಟೆ ನಿಂತಿದ್ದರು. 1940ರ ದಶಕದಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಕಟ್ಟಿದ್ದ ಅದು, ಅಲ್ಲಿನ ಉದ್ಯಾನ ಮುಚ್ಚಿದ ಮೇಲೆ ವರ್ಷಗಟ್ಟಲೆ ಪಾಳುಬಿದ್ದಿತ್ತು. ಅದನ್ನು ಬಿಚ್ಚಿ, ಪೆನ್ಸಿಲ್ವೇನಿಯಾಕ್ಕೆ ತಂದು, ಮತ್ತೆ ಜೋಡಿಸಿ 1985ರಲ್ಲಿ ಓಡಿಸಿದರು. ನೀಲಿ ನಕ್ಷೆಯಿಲ್ಲದೆ ಸೇತುವೆಯನ್ನು ಬಿಚ್ಚಿ ಬೇರೆಡೆ ಕಟ್ಟುವುದು ಎಂಥ ಕೆಲಸವೆಂದು ಬಲ್ಲ ಅಪ್ಪ, ಕಂಬಗಳು ಗಾಡಿ ಹಾಯುವಾಗ ಎಷ್ಟು ಅಲುಗುತ್ತವೆ, ಅಲುಗಾಟ ಎಷ್ಟರಲ್ಲಿ ನಿಲ್ಲುತ್ತದೆ ಎಂಬುದನ್ನು ಮೊಮ್ಮಗನಿಗೆ ತೋರಿಸಿ, ಅಲುಗದಿದ್ದರೆ ಮುರಿಯುತ್ತಿತ್ತೆಂದು ವಿವರಿಸಿದರು. ಅಮ್ಮ 1913ರ ಗ್ರ್ಯಾಂಡ್ ಕೆರೌಸೆಲ್‌ನ ಕುದುರೆ ಏರಲು ಒಪ್ಪಿದ್ದು ನಮಗೆಲ್ಲ ಅಚ್ಚರಿ. ಅಲ್ಲಿ ಸುತ್ತುವಾಗ ಕೈಚಾಚಿ ಉಂಗುರಗಳನ್ನು ಕಿತ್ತುಕೊಳ್ಳಬೇಕು, ಹಿತ್ತಾಳೆಯದು ಸಿಕ್ಕವರಿಗೆ ಇನ್ನೊಂದು ಸುತ್ತು ಬಿಟ್ಟಿ. ಮಗಳಿಗೆ ಕಬ್ಬಿಣದ ಉಂಗುರಗಳಷ್ಟೇ ಸಿಕ್ಕವು. ಒಟ್ಟು ಪ್ರವಾಸದಲ್ಲಿ ಅತಿ ಕಡಿಮೆ ಖರ್ಚಾದ ದಿನವೂ, ಆರೂ ಜನ ಒಟ್ಟಿಗೆ ನಕ್ಕ ದಿನವೂ ಅದೇ.

ಅಲ್ಲಿಂದ ಪಿಟ್ಸ್‌ಬರ್ಗ್‌ಗೆ ನಾಲ್ಕು ಗಂಟೆಯ ಹಾದಿ. ಆ ನಗರವನ್ನು ನಾನು ನಡುವೆ ಇಟ್ಟದ್ದು ಬೇಕೆಂದೇ. ಪೆನ್ ಹಿಲ್ಸ್‌ನ ಗುಡ್ಡದ ಮೇಲಿನ ಶ್ರೀ ವೆಂಕಟೇಶ್ವರ ದೇವಸ್ಥಾನ 1970ರ ದಶಕದಲ್ಲಿ ಕಟ್ಟಿದ್ದು. ಊರೂರಿಗೆ ಗುಡಿಗಳಿಲ್ಲದಿದ್ದ ಆ ಕಾಲದಲ್ಲಿ ದೂರದೂರದ ರಾಜ್ಯಗಳಿಂದ ನಮ್ಮವರು ರಾತ್ರಿಯಿಡೀ ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಿದ್ದರು. ಅಮ್ಮನ ಪಾಲಿಗೆ ಪ್ರವಾಸದ ಕೇಂದ್ರ ಇದೇ ಆಗಿತ್ತು. ಉಳಿದದ್ದು ಮಕ್ಕಳ ಗಲಾಟೆ. ಸಂಜೆ ದರ್ಶನ, ಮರುದಿನ ನಿಧಾನವಾಗಿ ಎದ್ದು 1877ರಿಂದ ಗುಡ್ಡ ಹತ್ತಿಳಿಯುತ್ತಿರುವ ಡುಕೇನ್ ಇನ್‌ಕ್ಲೈನ್ ಎಂಬ ಹಗ್ಗದ ರೈಲು, ಮಧ್ಯಾಹ್ನ ನಿದ್ದೆ. ಈ ಒಂದು ಬಿಡುವಿನ ದಿನ ಇರದಿದ್ದರೆ ಮುಂದಿನ ಎರಡು ಉದ್ಯಾನಗಳಲ್ಲಿ ಯಾರಾದರೊಬ್ಬರು ಖಂಡಿತ ಕುಸಿಯುತ್ತಿದ್ದರು.

ಪಿಟ್ಸ್‌ಬರ್ಗ್ ಬಳಿಯೇ ಇರುವ ಕೆನ್ನಿವುಡ್ ಹುಟ್ಟಿದ್ದು 1898ರಲ್ಲಿ. ರಜಾದಿನಗಳಲ್ಲಿ ಖಾಲಿ ಓಡುವ ಟ್ರಾಮುಗಳಿಗೆ ಪ್ರಯಾಣಿಕರು ಬೇಕೆಂದು ಟ್ರಾಮು ಕಂಪನಿಯವರು ಮಾರ್ಗದ ಕೊನೆಯಲ್ಲಿ ಹಾಕಿಸಿದ ಉದ್ಯಾನವದು. ಮೊನೊಂಗಹೀಲಾ ನದಿಯ ಆಚೆ ದಡದಲ್ಲಿ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಇಂದಿಗೂ ಕಾಣುತ್ತವೆ. ಇಲ್ಲಿ 1920ರ ಜ್ಯಾಕ್ ರ‍್ಯಾಬಿಟ್ ಎಂಬ ಕೋಸ್ಟರ್ ಎತ್ತರಕ್ಕೆ ಕಟ್ಟುವ ಬದಲು ನೆಲದ ಕಮರಿಯನ್ನೇ ಬಳಸಿಕೊಂಡು ಧುಮುಕುತ್ತದೆ. ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 1927ರ ರೇಸರ್. ಎರಡು ಗಾಡಿಗಳು ಅಕ್ಕಪಕ್ಕದಲ್ಲಿ ಸ್ಪರ್ಧೆಗೆ ಹೊರಡುತ್ತವೆ. ಎಡಗಡೆಯಿಂದ ಹೊರಟದ್ದು ಬಲಗಡೆಗೆ ಬಂದು ನಿಲ್ಲುತ್ತದೆ, ಆದರೆ ಹಳಿಗಳು ಎಲ್ಲೂ ಒಂದನ್ನೊಂದು ಕತ್ತರಿಸಿದಂತೆ ತೋರುವುದಿಲ್ಲ. ಅಪ್ಪ ಮೂರು ಸಲ ನೋಡಿ, ಚೀಟಿಯ ಹಿಂಬದಿಯಲ್ಲಿ ಗೀಟು ಎಳೆದು, ಅದು ಎರಡು ಹಳಿಯಲ್ಲ, ಒಂದೇ ಹಳಿ ಎರಡು ಸುತ್ತು ಬರುತ್ತದೆ ಎಂದು ತಾವೇ ಕಂಡುಕೊಂಡರು. ಇಲ್ಲಿನ ಪೊಟೇಟೊ ಪ್ಯಾಚ್‌ನ ದಪ್ಪ ಫ್ರೈಗಳಿಗೆ ಸಾಲು ಉದ್ದ. ಸಸ್ಯಾಹಾರಿಗಳು ಮೇಲೆ ಬೇಕನ್ ಬೇಡವೆಂದು ಮೊದಲೇ ಹೇಳಬೇಕು.

ಸೀಡರ್ ಪಾಯಿಂಟ್ ಬೇರೆಯೇ ಜಗತ್ತು. ಸ್ಯಾಂಡಸ್ಕಿ ಊರಿನಿಂದ ನೀರಿನ ನಡುವಿನ ರಸ್ತೆಯಲ್ಲಿ ಸಾಗುವಾಗ ಈರಿ ಸರೋವರದ ಚಾಚಿನ ಮೇಲೆ ಸಾಲಾಗಿ ನಿಂತ ಕೋಸ್ಟರ್‌ಗಳು ದೂರದಿಂದಲೇ ಕಾಣುತ್ತವೆ. ಮಗಳು ಆ ಹೊತ್ತಿಗೆ ಮಾತಾಡುವುದನ್ನೇ ನಿಲ್ಲಿಸಿದ್ದಳು. 2000ದಲ್ಲಿ ತೆರೆದ ಮಿಲೇನಿಯಂ ಫೋರ್ಸ್ 310 ಅಡಿ ಎತ್ತರದಿಂದ ಗಂಟೆಗೆ 93 ಮೈಲಿ ವೇಗದಲ್ಲಿ ಇಳಿಯುತ್ತದೆ. ಬಾಗಿಲು ತೆರೆಯುವ ಮುಕ್ಕಾಲು ಗಂಟೆ ಮೊದಲೇ ನಿಂತು, ಮೊದಲ ಗಂಟೆಯಲ್ಲೇ ಅದನ್ನೂ ಆಮೇಲೆ ಸ್ಟೀಲ್ ವೆಂಜನ್ಸ್ ಎಂಬ ಇನ್ನೊಂದು ಕೋಸ್ಟರನ್ನೂ ಅವಳು ನನ್ನ ಪತಿಯ ಜೊತೆ ಮುಗಿಸಿದಳು. ಸಾಲು ತಪ್ಪಿಸುವ ಹೆಚ್ಚುವರಿ ಪಾಸ್ ನಾವು ಕೊಳ್ಳಲಿಲ್ಲ. ಬೆಳಿಗ್ಗೆ ಬೇಗ ಏಳಬಲ್ಲ ಕುಟುಂಬಕ್ಕೆ ಅದು ದುಂದು ಎಂದೇ ನನ್ನ ಅಭಿಪ್ರಾಯ. ಉದ್ಯಾನ ಉದ್ದವಾಗಿದ್ದರೂ ಸಮತಟ್ಟಾಗಿದೆ, ಹಿಂಬದಿಯವರೆಗೆ ಉಗಿಬಂಡಿಯೂ ಓಡುತ್ತದೆ. ಅಪ್ಪ ಅಮ್ಮ ಮಗನೊಂದಿಗೆ ಅದರಲ್ಲೇ ನಾಲ್ಕು ಸಲ ಸುತ್ತಿದರು. ಸಂಜೆ ನಾಲ್ಕರ ಹೊತ್ತಿಗೆ ಸರೋವರದ ಮೇಲೆ ಮಿಂಚಿದ್ದೇ ತಡ, ಎತ್ತರದ ಸವಾರಿಗಳೆಲ್ಲ ನಿಂತವು. ಬೇರೆಯವರು ಮೈಮುದುಡಿಕೊಂಡು ಕಾಯುತ್ತಿದ್ದಾಗ ನಾವು ವ್ಯಾನಿಗೆ ಹೋಗಿ ಚಪಾತಿ ತಿಂದು, ಒಂದೂವರೆ ಗಂಟೆಯ ಮೇಲೆ ಮತ್ತೆ ಒಳಗೆ ಬಂದೆವು. ಅರ್ಧ ಜನ ಮನೆಗೆ ಹೋಗಿದ್ದರಿಂದ ಆಮೇಲಿನ ಸಾಲುಗಳು ಚಿಕ್ಕವಾಗಿದ್ದವು. ದಸರಾ ವಸ್ತುಪ್ರದರ್ಶನದ ಜೈಂಟ್ ವ್ಹೀಲ್ ಬಿಟ್ಟು ಬೇರೇನನ್ನೂ ಏರದ ಅಮ್ಮ, ಕತ್ತಲಾದ ಮೇಲೆ ಇಲ್ಲಿನ ದೊಡ್ಡ ಚಕ್ರದಲ್ಲಿ ಕುಳಿತು ಸರೋವರ ನೋಡಿದಳು.

ಹಿಂದಿರುಗುವ ಐನೂರು ಮೈಲಿಯನ್ನು ಎರಡು ದಿನಕ್ಕೆ ಹಂಚಿದೆವು. ಮನೆ ಸೇರಿ ಮೂರು ವಾರಗಳ ನಂತರ ನನ್ನ ಎರಡನೆಯ ತಪ್ಪು ಅಂಚೆಯಲ್ಲಿ ಬಂತು. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿಯಲ್ಲಿ ನಗದು ಕಟ್ಟುವ ಗೂಡುಗಳಿಲ್ಲ. ಈಝೀ-ಪಾಸ್ ಯಂತ್ರ ಇದ್ದವರಿಗೆ ಕಡಿಮೆ ಸುಂಕ, ಇಲ್ಲದವರ ನಂಬರ್ ಪ್ಲೇಟಿನ ಚಿತ್ರ ತೆಗೆದು ಹೆಚ್ಚಿನ ದರದ ಬಿಲ್ಲು ಕಳಿಸುತ್ತಾರೆ. ನಮ್ಮ ಯಂತ್ರ ಹತ್ತು ದಿನವೂ ಮನೆಯ ಮುಂದೆ ನಿಂತಿದ್ದ ನಮ್ಮ ಸ್ವಂತ ಕಾರಿನ ಗಾಜಿಗೇ ಅಂಟಿಕೊಂಡಿತ್ತು. ಬಾಡಿಗೆ ವ್ಯಾನಿನವರು ಆ ಸುಂಕಕ್ಕೆ ತಮ್ಮ ಸೇವಾ ಶುಲ್ಕವನ್ನೂ ಸೇರಿಸಿದ್ದರು. ಕ್ನೋಬೆಲ್ಸ್‌ನಲ್ಲಿ ಆರು ಜನ ಇಡೀ ದಿನ ಕಳೆದದ್ದಕ್ಕಿಂತ ಆ ಬಿಲ್ಲು ಏಳು ಡಾಲರ್ ಹೆಚ್ಚಿತ್ತು.